ರಾಜೀವಿ ಬಾಯಿಯ ಉಡಿ

ಮಾಯಾಳಿಗೆ ಏನಾದರೂ ಆದರೆ?

ಈ ಒಂದು ಮಾತು ಸೋಮವಾರದಿಂದ ತ್ರಿವೇಣಿಯ ಬೆನ್ನು ಬಿಟ್ಟಿರಲಿಲ್ಲ. ಹಾಲು ಕಾಯಿಸುವಾಗ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಎರಡು ವರ್ಷದ ಮಗಳು ಅಡುಗೆಮನೆಯ ನೆಲದ ಮೇಲೆ ಡಬ್ಬಿ ಉರುಳಿಸಿಕೊಂಡು ತನ್ನ ಪಾಡಿಗೆ ತಾನು ಹಾಡುತ್ತಿದ್ದರೂ ಇವಳು ಒದ್ದೆ ಕೈಯನ್ನು ಓಢಣಿಗೆ ಒರೆಸಿಕೊಂಡು ಬಂದು ಹಣೆ ಮುಟ್ಟಿ ನೋಡುವಳು. ತಣ್ಣಗಿರುತ್ತಿತ್ತು. ಹೋಗಿ ಒಲೆಯ ಮುಂದೆ ನಿಲ್ಲುವಳು. ಒಗ್ಗರಣೆ ಸಿಡಿಯುವಷ್ಟರಲ್ಲಿ ಮತ್ತೆ ಬರುವಳು.

"ಮುಟ್ಟಿ ಮುಟ್ಟಿ ನೀನ ಜ್ವರಾ ತರಸ್ತಿ ನೋಡು ಆ ಕೂಸಿಗೆ," ಎಂದು ಅತ್ತೆ ಭೀಮವ್ವ ಮೆಂತೆಪಲ್ಲೆ ಸೋಸುತ್ತ ಕುಳಿತಲ್ಲಿಂದಲೇ ಅಂದರು.

ಸುಮ್ಮನೆ ಹುಟ್ಟಿದ ಹೆದರಿಕೆಯಲ್ಲ ಅದು. ಹಿಂದಿನ ವರ್ಷ ಮಾಯಾಳ ಮೊದಲ ಹುಟ್ಟುಹಬ್ಬದ ದಿನ, ಮನೆ ತುಂಬ ಜನರಿರುವಾಗಲೇ ಜ್ವರ ನೆತ್ತಿಗೇರಿ ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆದಿದ್ದವು. ಜ್ವರದ ಫಿಟ್ಸು, ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳಿಗೆ ಬರುತ್ತದೆ, ಬೆಳೆದ ಹಾಗೆ ಹೋಗುತ್ತದೆ ಎಂದು ಡಾಕ್ಟರು ಸಮಾಧಾನವಾಗಿ ಮರಾಠಿಯಲ್ಲಿ ತಿಳಿಸಿ ಹೇಳಿದ್ದರು. ತ್ರಿವೇಣಿ ತಲೆಯಾಡಿಸಿದ್ದಳು. ಆದರೆ ಅವಳ ಕೈ ಮಾತ್ರ ಅಂದಿನಿಂದ ಮಗಳ ಹಣೆಯನ್ನು ಬಿಟ್ಟು ಬದುಕುವುದನ್ನೇ ಮರೆತಿತ್ತು.

ಈಗ ಆ ಹೆದರಿಕೆಗೆ ಹೊಸದೊಂದು ಕೊಂಬು ಮೂಡಿತ್ತು. ಮೂಡಿಸಿದ್ದು ವಾಚನಾಲಯದ ರವಿವಾರದ ಉಪನ್ಯಾಸ.

ಈ ಮರಾಠಿ ಊರಿನ ಧನಕವಡಿ ಬಡಾವಣೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಕನ್ನಡ ವಾಚನಾಲಯವಿತ್ತು. ವಿಜಾಪುರ, ಬಾಗಲಕೋಟೆ ಕಡೆಯಿಂದ ವ್ಯಾಪಾರಕ್ಕೆ, ಕಾರಕೂನಿಕೆಗೆ ಬಂದವರು ಕೂಡಿ ಕಟ್ಟಿದ್ದು. ಯಾರು ಬೇಕಾದರೂ ಬಂದು ಓದಬಹುದು. ಕಪಾಟುಗಳ ಮೇಲೆ ಸದಾ ಜೋಳದ ಹಿಟ್ಟಿನದೊಂದು ತೆಳು ಪದರು. ಮಧ್ಯಾಹ್ನದ ಹೊತ್ತು ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸ ತ್ರಿವೇಣಿಯದು. ಮಗಳನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಹೋಗುವಳು. ತಿಂಗಳಿಗೊಂದು ರವಿವಾರ ಅಲ್ಲಿ ಕಲೆಯ ಬಗೆಗೋ ಇತಿಹಾಸದ ಬಗೆಗೋ ಉಪನ್ಯಾಸ ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನುವುದಷ್ಟೇ. ಮಾತಾಡುವವರು ಒಬ್ಬರು, ಕೇಳುವವರು ಕಮಿಟಿಯವರು, ಫ್ಯಾನಿನ ಕೆಳಗೆ ಕಣ್ಣು ಮುಚ್ಚಲು ಬಂದ ಒಬ್ಬಿಬ್ಬರು ಮುದುಕರು.

ಎರಡು ಸಾವಿರದ ಎಂಟರ ಯುಗಾದಿ ಮುಗಿಯುತ್ತಲೇ ತ್ರಿವೇಣಿ ಅಧ್ಯಕ್ಷ ಮುರುಗೆಪ್ಪನವರ ಹತ್ತಿರ ಹೋದಳು. ಸ್ಟೀಲ್ ಪಾತ್ರೆಯ ಅಂಗಡಿಯವರು; ವಾಚನಾಲಯಕ್ಕೆ ಕಂಪ್ಯೂಟರ್ ಕೊಡಿಸಿದವರೂ ಅವರೇ.

"ಕಾಕಾ, ಜನ ಮ್ಯಾಲೆ ಹತ್ತಿ ಬರೂದಿಲ್ಲ ಅಂದ್ರ ನಾವ ಉಪನ್ಯಾಸ ಅವರ ಮನಿಗೆ ಕಳಸೂಣು. ನೆಟ್ ಮ್ಯಾಲೆ."

"ಪೋಸ್ಟಿನ್ಯಾಗ ಕಳಸಿದಂಗೇನ?"

"ಅದಕಿಂತ ಜಲ್ದಿ ಮುಟ್ಟತದ್ರಿ."

"ಹಂಗಾರ ಮಾಡು. ಎಲ್ಲಾ ಕಡೆ ನಮ್ಮ ಬೋರ್ಡು ಕಾಣಿಸ್ಬೇಕು ನೋಡು, ಹಿಂದಿನ ಗ್ವಾಡಿ ಮ್ಯಾಲಿಂದು."

ಹಾಗೆ ಶುರುವಾಯಿತು. ಇದೇ ಊರಿನ ಮಗರಪಟ್ಟಾದಲ್ಲಿ, ವಿಮಾನ ನಗರದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಬೆಂಗಳೂರಿನ ಹುಡುಗರು ಕೇಳತೊಡಗಿದರು. ಸೊಲ್ಲಾಪುರದ ಒಬ್ಬ ವಕೀಲರು, ಮಸ್ಕತ್ತಿನ ಒಂದು ಸಂಸಾರ, ಎಲ್ಲೆಲ್ಲಿಯವರೋ ಬಂದು ಕೂತರು. ಫ್ಯಾನಿನ ಕೆಳಗಿನ ಮುದುಕರೂ ಎಚ್ಚರವಾದರು.

ಮೊದಲ ಉಪನ್ಯಾಸ ಮಾಡಿದವರು ಧಾರವಾಡದಿಂದ. ಅವರು ಅಲ್ಲಿ, ಸಭೆ ಇಲ್ಲಿ. ಮಾತು ಮುಗಿದಾಗ ಮುರುಗೆಪ್ಪ ಎದ್ದು ನಿಂತರು. ಮಾತಾಡಿದವರನ್ನು ಬರಿಗೈಲಿ ಕಳಿಸುವ ಪದ್ಧತಿ ವಾಚನಾಲಯದಲ್ಲಿ ಯಾವತ್ತೂ ಇರಲಿಲ್ಲ. ಶಾಲು ಬಿಡಿಸಿ ಕಂಪ್ಯೂಟರಿಗೇ ಹೊದಿಸಿದರು, ಹಾರ ಹಾಕಿದರು, ಕೈಮುಗಿದರು. ಕ್ಯಾಮೆರಾ ಶಾಲಿನೊಳಗೆ ಸಿಕ್ಕಿತ್ತು. "ಏನ್ರಿ ಇದು, ಒಮ್ಮಿಂದೊಮ್ಮೆ ಕತ್ತಲಾತಲ್ಲ? ಕರೆಂಟ್ ಹೋತೇನ್ರಿ?" ಎಂದು ಧಾರವಾಡದ ದನಿ ಶಾಲಿನ ಹಿಂದಿನಿಂದ ಕೂಗಿತು.

ಎರಡನೆಯ ಸಲ ಮಾತಾಡಿದವರು ಮೈಸೂರಿನ ಹೆಂಗಸು. ಹೆಂಗಸರಿಗೆ ಶಾಲಿಲ್ಲ, ಸೆರಗಿನ ಮಡಿಲಿಗೆ ಉಡಿ. ಮುರುಗೆಪ್ಪನವರ ಹೆಂಡತಿ ಅವ್ವಮ್ಮ ಕುಪ್ಪಸದ ಕಣ, ಕೊಬ್ಬರಿಬಟ್ಟಲು, ಅರಿಷಿಣಬೇರು, ಉತ್ತತ್ತಿ, ಅಕ್ಕಿ ಎಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದರು. ಸೆರಗು ಒಡ್ಡುವವಳು ಮೈಸೂರಿನಲ್ಲಿ, ಅಕ್ಕಿ ಧನಕವಡಿಯಲ್ಲಿ. ಅವ್ವಮ್ಮ ಒಂದು ಗಳಿಗೆ ಯೋಚಿಸಿ, ಪರದೆಯೊಳಗಿನ ಮುಖದ ಬುಡಕ್ಕೆ ಸರಿಯಾಗಿ ಬೊಗಸೆಯ ಅಕ್ಕಿಯನ್ನು ಸುರಿದೇಬಿಟ್ಟರು. ಅದು ಕೀಬೋರ್ಡು. ಒಂದು ಗುಂಡಿ ಒಳಗೇ ಕಚ್ಚಿಕೊಂಡು, ಕೇಳುತ್ತಿದ್ದವರೆಲ್ಲರ ಮುಂದೆ ಒಂದೇ ಅಕ್ಷರ ಸಾಲುಗಟ್ಟಿ ಓಡತೊಡಗಿತು. ಮೈಸೂರಿನಾಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡು ನಿಜವಾಗಿಯೂ ಸೆರಗು ಒಡ್ಡಿದರು. ಉಡಿ ತುಂಬಿಸಿಕೊಂಡವಳು ಅದರೊಳಗಿಂದ ನಾಲ್ಕು ಕಾಳು ತೆಗೆದು ತುಂಬಿದವಳ ಉಡಿಗೆ ಮರಳಿ ಹಾಕಬೇಕು. ಆಕೆಯ ಪರವಾಗಿ ಅದನ್ನೂ ಅವ್ವಮ್ಮನೇ ಗುಂಡಿಗಳ ಸಂದಿಯಿಂದ ಹೆಕ್ಕಿ ತಮ್ಮ ಸೆರಗಿಗೆ ಹಾಕಿಕೊಂಡರು.

ಅಂದಿನಿಂದ ಉಪನ್ಯಾಸಕ್ಕಿಂತ ಉಡಿಯೇ ದೊಡ್ಡ ಹೆಸರಾಯಿತು. "ಮೇಡಂ, ಈ ಸಲ ಲೇಡಿ ಸ್ಪೀಕರಾ? ಉಡಿ ಇರುತ್ತೆ ತಾನೆ? ನಮ್ಮಮ್ಮನ್ನೂ ಕೂರಿಸ್ಕೊಂಡು ನೋಡ್ತೀನಿ," ಎಂದು ಮಗರಪಟ್ಟಾದ ಹುಡುಗಿಯೊಬ್ಬಳು ಬರೆದಿದ್ದಳು. ಮುರುಗೆಪ್ಪ ಅದನ್ನು ಗಿರಣಿಯವನಿಗೂ ಓದಿ ಹೇಳಿದ್ದರು.

ಈ ತಿಂಗಳು ಮಾತಾಡುವವರು ರಾಜೀವಿ ಬಾಯಿ. ಇದೇ ಊರಿನವರು, ವಾಚನಾಲಯಕ್ಕೇ ಬಂದು ಕ್ಯಾಮೆರಾದ ಮುಂದೆ ಕೂತು ಮಾತಾಡುವವರು. ಹೆಸರು ಕೊಟ್ಟವಳು ತ್ರಿವೇಣಿ. ಕಮಿಟಿ ಒಪ್ಪಿಯೂ ಆಗಿತ್ತು. ಆಮೇಲೆ ಯಾರಿಗೋ ನೆನಪಾಯಿತು, ಬಾಯಿ ಗಂಡ ಸತ್ತವರು.

ಸೋಮವಾರ ಮುರುಗೆಪ್ಪ ವಾಚನಾಲಯಕ್ಕೆ ಬಂದು ಕುರ್ಚಿ ಎಳೆದುಕೊಂಡರು. "ನೋಡು ತಂಗಿ, ಬಾಯಿಯವರ ಬಗ್ಗೆ ನನಗ ಭಾಳ ಗೌರವ ಅದ. ನನ್ನ ಮಗಳಿಗೂ ಅವರ ಕಲಿಸ್ಯಾರ. ಆದ್ರ ಉಡಿದು ಹೆಂಗ? ನಮ್ಮಾಕಿ ಒಲ್ಲೆ ಅಂತಾಳ. ತುಂಬದ ಕಳಿಸಿದ್ರ ಅಷ್ಟೂ ಮಂದಿ ಮುಂದ ಅವರಿಗೆ ಅವಮಾನ. ಅದರಕಿಂತ ಬರದಿದ್ರ ಚಲೋ ಅಲ್ಲ?"

"ಶಾಲು ಹೊದಸ್ರಿ."

"ನಾನ ಅವರಿಗೆ ಶಾಲು ಹೊದಸ್ಲಿ? ಮಂದಿ ಕೇಳೂದಿಲ್ಲೇನ, ಉಳದ ಹೆಣ್ಮಕ್ಕಳಿಗೆ ಉಡಿ, ಇವರಿಗ್ಯಾಕ ಶಾಲು ಅಂತ?"

"ಹಂಗಾರ ಎಲ್ಲಾರಿಗೂ ಉಡಿ ಬಂದ್ ಮಾಡ್ರಿ."

"ಇದ್ದದ್ದನ್ನ ಯಾಕ ಬಂದ್ ಮಾಡ್ಬೇಕವಾ? ಮಸ್ಕತ್ತಿನವರು ಅದಕ್ಕ ಬರ್ತಾರ." ಮುರುಗೆಪ್ಪ ಎದ್ದರು. "ಅವರು ಬರದದ್ದನ್ನ ಕಳಸಲಿ, ಬ್ಯಾರೆ ಯಾರರ ಓದ್ತಾರ. ನೀನ ಫೋನ್ ಮಾಡಿ ಸಮಾಧಾನಲೆ ತಿಳಿಸು. ನಿನ್ನ ಮಾತಂದ್ರ ಅವರಿಗೆ ಬ್ಯಾಸರಾಗೂದಿಲ್ಲ. ಶನಿವಾರದ ಒಳಗ ಮಾಡಿಬಿಡು."

ಅವರು ಮೆಟ್ಟಿಲಿಳಿಯುವ ಮೊದಲೇ ತ್ರಿವೇಣಿಯ ಬಾಯಿಂದ ಬಂದಿತ್ತು: "ಕಾಕಾ, ಉಡಿ ನಾ ತುಂಬಿದ್ರ?"

ಮುರುಗೆಪ್ಪ ತಿರುಗಿ ಮಾಯಾಳನ್ನು ನೋಡಿದರು. ಮಗು ರಬ್ಬರ್ ಸ್ಟ್ಯಾಂಪನ್ನು ನೆಕ್ಕುತ್ತಿತ್ತು. "ಕೂಸಿನ ತಾಯಿ ಇದ್ದೀ. ನಿಮ್ಮ ಅತ್ತಿನ್ನ ಕೇಳು ಮೊದಲ," ಎಂದು ಇಳಿದು ಹೋದರು.

ಕೇಳಿದಳು. ಭೀಮವ್ವ ಸಿಟ್ಟಾಗಲಿಲ್ಲ, ಅದೇ ಕಷ್ಟ. ಸಿಟ್ಟಾಗಿದ್ದರೆ ಜಗಳ ತೆಗೆಯಬಹುದಿತ್ತು. "ತುಂಬೂದು ದೊಡ್ಡದಲ್ಲವಾ," ಎಂದು ಮೆಲ್ಲಗೆ ಹೇಳಿದರು. "ಆಕಿ ತಿರುಗಿ ನಾಲ್ಕು ಕಾಳು ನಿನ್ನ ಉಡಿಗೆ ಹಾಕಬೇಕಲ್ಲ, ಅದು. ಆಕಿ ಉಡಿಯಾಗಿಂದು ನಿನ್ನ ಉಡಿಗೆ ಬರತದ. ನಿನ್ನ ಉಡಿಯಾಗ ಏನದ, ನೋಡ್ಕೋ." ಮಾಯಾ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಗಂಡ ಮಹೇಶಕುಮಾರ ವಿಮಾನ ನಗರದ ಆಫೀಸಿನಿಂದ ಎರಡು ಬಸ್ಸು ಬದಲಿಸಿ ಬಂದು ಬೂಟು ಬಿಚ್ಚುತ್ತ ಎಲ್ಲ ಕೇಳಿದ. "ಇದೆಲ್ಲಾ ಸುಳ್ಳ ಅನ್ನೂದು ನಿನಗೂ ಗೊತ್ತದ, ನನಗೂ ಗೊತ್ತದ," ಎಂದ. ತ್ರಿವೇಣಿ ಹಗುರಾದಳು. ಅಷ್ಟರಲ್ಲಿ ಅವನು ಇನ್ನೊಂದು ಬೂಟು ಬಿಚ್ಚಿ, "ಆದ್ರೂ ಯಾಕ ಸುಮ್ನ," ಎಂದು ಮುಗಿಸಿದ.

ಆದ್ರೂ ಯಾಕ ಸುಮ್ನ. ಓದಿದವಳು ಅವಳೂ. ವಿಜ್ಞಾನದ ಪೇಪರಿನಲ್ಲಿ ಚಲೋ ಮಾರ್ಕು ತಗೊಂಡವಳು. ಉಡಿಯ ಅಕ್ಕಿಗೂ ಮಗುವಿನ ಜ್ವರಕ್ಕೂ ಏನು ಸಂಬಂಧ ಎಂದು ಹಗಲೆಲ್ಲ ತನಗೆ ತಾನೇ ಬುದ್ಧಿ ಹೇಳಿಕೊಂಡು, ಕಡೆಗೆ ಎದ್ದು ಹೋಗಿ ಹಣೆ ಮುಟ್ಟುವಳು.

ಫೋನು ಹಾಲಿನ ಮೂಲೆಯಲ್ಲಿ ಸ್ಟೂಲಿನ ಮೇಲಿತ್ತು. ಮಂಗಳವಾರ ಅದರ ಧೂಳು ಒರೆಸಿದಳು. ಮಾಡಲಿಲ್ಲ. ಬುಧವಾರ ಅದೇ ಹೊಡೆದುಕೊಂಡಿತು.

"ತ್ರಿವೇಣಿ, ನಾ ರಾಜೀವಿ ಬಾಯಿ. ಬೆಳಕಿಂದು ಕೇಳ್ಬೇಕಾಗಿತ್ತು. ಕ್ಯಾಮೆರಾಕ್ಕ ಕಿಟಕಿ ಯಾವ ಕಡೆ ಬರತದ? ಎಡಗಡೆ ಆದ್ರ ಚಿತ್ರ ಚಲೋ ಕಾಣತಾವ. ಕಾರ್ಲಾದ ಕಂಬಗಳನ್ನ ಹೊಸದಾಗಿ ತಗದೀನಿ, ದೊಡ್ಡ ಹಾಳಿ ಮ್ಯಾಲೆ."

"ಎಡಗಡೆನ ಬರತದ್ರಿ ಬಾಯಿ."

"ಮಗಳು ಆರಾಮ?"

"ಆರಾಮ್ ಇದ್ದಾಳ್ರಿ."

ಅಷ್ಟೇ ಹೇಳಿ ಇಟ್ಟಳು. 

ಖಡಕಿಯ ಹತ್ತಿರ ತ್ರಿವೇಣಿ ಓದಿದ ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು ರಾಜೀವಿ ಬಾಯಿ. ಅಲ್ಲಿ ಟೀಚರಿಗೆ ಬಾಯಿ ಎನ್ನುವುದೇ ರೂಢಿ. ವಿಜಾಪುರದಿಂದ ಮದುವೆಯಾಗಿ ಬಂದವರು. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ತ್ರಿವೇಣಿ ಮೂರನೆಯ ಇಯತ್ತೆಯಲ್ಲಿದ್ದಾಗ ಗಂಡ ತೀರಿಕೊಂಡರು. ಸೂತಕ ಕಳೆದು ಬಾಯಿ ಶಾಲೆಗೆ ಬಂದ ದಿನ ಹುಡುಗಿಯರೆಲ್ಲ ಅವರ ಬರಿಯ ಹಣೆಯನ್ನೇ ನೋಡಿದ್ದರು. ಅವರು ಯಾರನ್ನೂ ನೋಡದೆ ಹಲಗೆಯ ಮೇಲೆ ಒಂದು ಗಿಳಿ ಬರೆದಿದ್ದರು. ಅಲ್ಲಿಯವರೆಗೆ ಡ್ರಾಯಿಂಗು ಬುಧವಾರದ ಮೊದಲ ಪಿರಿಯಡ್. ಮುಂಜಾನೆ ಎದ್ದು ಮಕ್ಕಳು ಯಾರ ಮುಖ ನೋಡಬೇಕು ಎಂದು ಕೆಲವು ತಾಯಂದಿರು ಹೆಡ್‌ಮಾಸ್ತರರ ಹತ್ತಿರ ಹೋದರಂತೆ. ಡ್ರಾಯಿಂಗು ಕೊನೆಯ ಪಿರಿಯಡ್ಡಿಗೆ ಸರಿಯಿತು. "ಚಲೋನ ಆತು," ಎಂದಿದ್ದರು ಬಾಯಿ. "ಗಂಟಿ ಹೊಡದ ಮ್ಯಾಲೂ ಕೂತು ಚಿತ್ರಾ ತಗೀಬಹುದು."

ತೊಂಬತ್ತನಾಲ್ಕರಲ್ಲಿ ಬಾಯಿ ಹುಡುಗಿಯರನ್ನು ಲೋಕಲ್ ರೈಲಿನಲ್ಲಿ ಕಾರ್ಲಾ ಗವಿಗೆ ಕರೆದುಕೊಂಡು ಹೋಗಿದ್ದರು. ಕಡಿದಾದ ಮೆಟ್ಟಿಲು. ಹನ್ನೆರಡು ವರ್ಷದ ತ್ರಿವೇಣಿ ಅರ್ಧದಲ್ಲಿ ಕೆಳಗೆ ನೋಡಿ ಕಂಬಿ ಹಿಡಿದು ಕೂತುಬಿಟ್ಟಳು.

"ಬಾಯಿ, ನನಗ ಹೆದರಿಕಿ ಆಗತದ."

"ಆಗಲಿ ಬಿಡು," ಎಂದು ಬಾಯಿ ಕೈ ಚಾಚಿದ್ದರು. "ಅದನ್ನೂ ಕರಕೊಂಡ ಹತ್ತು."

ಮೇಲೆ ಗವಿಯ ಬಾಗಿಲಿನಲ್ಲೇ ದೇವಿಯ ಗುಡಿ. ಹೆಂಗಸರು ಉಡಿಯ ಬುಟ್ಟಿ ಹಿಡಿದು ಉದ್ದಕ್ಕೂ ಸಾಲು ನಿಂತಿದ್ದರು. ಮಾರುವವಳು ಮೊದಲು ಬಾಯಿಯ ಮುಂದೆ ಬುಟ್ಟಿ ಚಾಚಿ, ಹಣೆ ನೋಡಿ, ಹಿಂದೆ ತೆಗೆದುಕೊಂಡಳು. ಬಾಯಿ ಏನೂ ಆಗದವರಂತೆ ಹುಡುಗಿಯರನ್ನು ಗವಿಯೊಳಗೆ ದಾಟಿಸಿದರು. ಒಳಗಿನ ತಂಪಿನಲ್ಲಿ ನಿಂತು ತೋರಿಸಿದರು: ಈ ಅರಮನೆಯಂಥ ಗವಿಯನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಒಬ್ಬ ಶೆಟ್ಟಿ. ವೈಜಯಂತಿ ಅಂದರೆ ನಮ್ಮ ಬನವಾಸಿ. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮವರು ಇಲ್ಲಿಗೆ ಬಂದು ಹೆಸರು ಕೊರೆಸಿ ಹೋಗಿದ್ದಾರೆ. ಯಾರಾದರೂ ನಿಮ್ಮೂರು ಯಾವುದು ಎಂದು ಕೇಳಿದರೆ ತಲೆ ತಗ್ಗಿಸಬೇಡಿ. ಆಮೇಲೆ ಕಲ್ಲಿನ ಕಟಾಂಜನದ ಹತ್ತಿರ ನಿಂತು, ಇದನ್ನು ಕೊಟ್ಟವಳು ಒಬ್ಬ ಭಿಕ್ಷುಣಿ, ಒಬ್ಬ ಮಗನ ತಾಯಿ ಎಂದು ಬರೆದಿದೆ ಎಂದರು. "ತಲಿ ಬೋಳಿಸಿದಾಕಿ. ಆದ್ರೂ ಆಕಿ ಕೊಟ್ಟದ್ದನ್ನ ಇಸಗೊಂಡಾರ ನೋಡ್ರಿ, ಹೆಸರೂ ಬರದಾರ."

ಆ ಮಾತನ್ನು ಹೇಳುವಾಗ ಬಾಯಿ ಹೊರಗಿನ ಸಾಲಿನ ಕಡೆ ಒಮ್ಮೆ ನೋಡಿದ್ದು ತ್ರಿವೇಣಿಗೆ ನೆನಪಿತ್ತು. ಯಾಕೆ ನೋಡಿದರು ಎನ್ನುವುದು ಈ ವಾರ ತಿಳಿಯಿತು.

ಅದೇ ಗವಿಯ ಮೇಲೆ ರವಿವಾರದ ಉಪನ್ಯಾಸ. ರಿಟೈರ್ ಆದ ಮೇಲೆ ಮತ್ತೆ ಮತ್ತೆ ಹೋಗಿ ಬರೆದ ಚಿತ್ರಗಳು. ಬೇರೆ ಯಾರೋ ಓದಬೇಕಂತೆ.

ಗುರುವಾರವೂ ಫೋನು ಸ್ಟೂಲಿನ ಮೇಲೆ ಹಾಗೇ ಇತ್ತು. ಶುಕ್ರವಾರ ಮಧ್ಯಾಹ್ನ ತ್ರಿವೇಣಿ ಸೋತಳು. ಆಗಲಿ, ಬಾಯಿಗೆ ಏನಾದರೊಂದು ನೆಪ ಹೇಳಿಬಿಡೋಣ, ಕ್ಯಾಮೆರಾ ಕೆಟ್ಟಿದೆ ಎನ್ನೋಣ, ಮಗಳು ಚೆನ್ನಾಗಿದ್ದರೆ ಸಾಕು. ರಿಸೀವರ್ ಎತ್ತಿ ಅರ್ಧ ನಂಬರ್ ಒತ್ತಿದ್ದಳು. ಹಿಂದಿನಿಂದ ಮಾಯಾ ಬಂದು ಕಾಲು ತಬ್ಬಿಕೊಂಡಳು. ಚೂಡಿದಾರದ ಬಟ್ಟೆಯ ಮೇಲಿಂದಲೇ ಕೆನ್ನೆಯ ಬಿಸಿ ತಾಗಿತು.

ಆಮೇಲಿನದು ಓಟ. ಔಷಧಿ, ಒದ್ದೆ ಬಟ್ಟೆ, ರಿಕ್ಷಾ, ಡಾಕ್ಟರು. ಫಿಟ್ಸ್ ಬರಲಿಲ್ಲ. ಗಂಟಲು ಕೆಂಪಾಗಿದೆ, ಎಲ್ಲ ಮಕ್ಕಳಿಗೂ ಇದೇ ಓಡಾಡುತ್ತಿದೆ ಎಂದರು. ಶನಿವಾರ ಮುಂಜಾನೆಗೆ ಜ್ವರ ಇಳಿದು, ಮಾಯಾ ಬಿಸ್ಕೀಟು ಬೇಕೆಂದು ಹಟ ಹಿಡಿದು ಕೂತಳು.

ಭೀಮವ್ವ ಮೊಮ್ಮಗಳಿಗೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕಿದರು. "ನೋಡಿದೇನ? ಬರೇ ಮನಸಿನ್ಯಾಗ ತಂದಿದ್ದಕ್ಕ ಹಿಂಗ."

ತ್ರಿವೇಣಿ ಬಿಸ್ಕೀಟಿನ ಪುಡಿಕೆ ಹಿಡಿದವಳು ಹಾಗೇ ನಿಂತಳು.

"ಏನ್ ತಂದಿದ್ದೆರಿ ಅತ್ಯಾ ಮನಸಿನ್ಯಾಗ?"

"ನಿನಗ ಗೊತ್ತಿಲ್ಲೇನು?"

"ಗೊತ್ತದ. ಬಾಯಿಗೆ ಬರಬ್ಯಾಡ್ರಿ ಅಂತ ಹೇಳಾಕ ಫೋನ್ ಎತ್ತಿದ್ದೆ. ನಿಮ್ಮ ಮಾತು ಕೇಳಾಕ ಹೊಂಟಿದ್ದೆ. ಆವಾಗ ಬಂತು ಜ್ವರಾ." ಅವಳ ದನಿ ಏರಿತು. "ಹ್ವಾದ ವರ್ಷ ಫಿಟ್ಸ್ ಬಂದ ದಿನ ನನ್ನ ಉಡಿ ತುಂಬಿದ್ದು ಯಾರ್ರಿ? ಐದು ಮಂದಿ ಮುತ್ತೈದೆರು. ನೀವ ಆರಿಸಿ ಕರದಿದ್ರಿ. ಅವ್ವಮ್ಮ ಕಾಕು ಇದ್ರು. ನೀವೂ ಇದ್ರಿ. ಉಡಿ ಬಿಚ್ಚೂದ್ರೊಳಗ ಕೂಸು ಸೆಟೀತು. ಅವತ್ತ ಯಾರರ ಕೇಳಿದ್ರೇನು, ಯಾರ ಕಾಳು ಹತ್ತಿದ್ದು ಅಂತ? ನಿಮ್ಮದೋ, ಕಾಕುಂದೋ?"

ಸೋಫಾದ ಮೇಲೆ ಪೇಪರ್ ಓದುತ್ತಿದ್ದ ಮಾವ ಹಣಮಂತ್ರಾಯರು ಪೇಪರನ್ನು ಇನ್ನೂ ಎತ್ತರಕ್ಕೆ ಹಿಡಿದುಕೊಂಡರು.  ಒಲೆಯಲ್ಲಿ ಮೆಣಸಿನಕಾಯಿ ಘಾಟು ಎದ್ದು ಎಲ್ಲರೂ ಕೆಮ್ಮಿದರು.

ಆ ಕೆಮ್ಮಿನ ನಡುವೆಯೇ ಬಾಗಿಲಲ್ಲಿ ಮುರುಗೆಪ್ಪ. ಅಂಗಡಿಗೆ ಹೋಗುವ ದಾರಿಯಲ್ಲಿ ಬಂದಿದ್ದರು. "ಏನವಾ, ಬಾಯಿಯವರಿಗೆ ಫೋನ್ ಆತೇನ? ಇವತ್ತ ಶನಿವಾರ."

"ಈಗ ಮಾಡ್ತೀನ್ರಿ ಕಾಕಾ. ಕೂಡ್ರಿ, ನಿಮ್ಮ ಮುಂದನ ಮಾಡ್ತೀನಿ."

ಮುರುಗೆಪ್ಪ ಕೂತರು. "ಸಮಾಧಾನಲೆ," ಎಂದು ನೆನಪಿಸಿದರು.

ತ್ರಿವೇಣಿ ಮಾಯಾಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ರೂಢಿಯಂತೆ ಕೈ ಹಣೆಯ ಕಡೆ ಹೋಯಿತು. ಬೇಕೆಂದೇ ಅದನ್ನು ತಿರುಗಿಸಿ ನಂಬರ್ ಒತ್ತಿದಳು.  ಮಗು ಬಿಸ್ಕೀಟು ತಿನ್ನುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿತು.

"ಬಾಯಿ, ನಾನ್ರಿ ತ್ರಿವೇಣಿ. ನಾಳೆ ಹನ್ನೊಂದಕ್ಕ ಉಪನ್ಯಾಸ ಅದ. ಒಂದ್ ತಾಸು ಮೊದಲ ಬರ್ರಿ, ಚಿತ್ರ ಹಚ್ಚಬೇಕು. ಮಾತು ಮುಗದ ಮ್ಯಾಲೆ ಉಡಿ ನಾ ತುಂಬ್ತೀನಿ."

ಮುರುಗೆಪ್ಪನವರ ಕೈಯಲ್ಲಿದ್ದ ಸ್ಕೂಟರಿನ ಕೀಲಿ ನೆಲಕ್ಕೆ ಬಿತ್ತು. 

"ತ್ರಿವೇಣಿ," ಎಂದರು ಬಾಯಿ ಆಚೆಯಿಂದ. "ಅದರ ಚಿಂತಿ ನೀ ಮಾಡಬ್ಯಾಡ. ಮಾತು ಮುಗದ ಕೂಡ್ಲೆ ಬಸ್ಸಿಗೆ ಹೊತ್ತಾತು ಅಂತ ಎದ್ದು ಬರಾಕಿದ್ದೆ ನಾ. ನನಗ ರೂಢಿ ಅದ."

"ನನಗ ರೂಢಿ ಇಲ್ರಿ. ನೀವು ಏಳಬಾರ್ದು."

"ಮನ್ಯಾಗ ಕೇಳೀ?"

"ಎಲ್ಲಾರೂ ಇಲ್ಲೇ ಕೂತಾರ್ರಿ, ಕೇಳಾಕತ್ತಾರ. ಅಧ್ಯಕ್ಷರೂ ಇದ್ದಾರ. ವಾಚನಾಲಯ ತಗೀಲಿಲ್ಲ ಅಂದ್ರ ಮೈಕು ಕ್ಯಾಮೆರಾ ನಮ್ಮ ಮನಿಗೆ ತರ್ತೀನಿ. ಹಿಂದ ಬೋರ್ಡು ಕಾಣಸೂದಿಲ್ಲ, ಅಷ್ಟ."

ಮುರುಗೆಪ್ಪ ಏನೋ ಹೇಳಲು ಹೋಗಿ ಭೀಮವ್ವನ ಮುಖ ನೋಡಿದರು. ಭೀಮವ್ವ ಅವರ ಕಡೆ ನೋಡಲಿಲ್ಲ.

"ಹೆದರಿಕಿ ಆಗೂದಿಲ್ಲೇನ ನಿನಗ?" ಎಂದು ಬಾಯಿ ಕೇಳಿದರು.

"ಭಾಳ ಆಗತದ್ರಿ ಬಾಯಿ. ಅದನ್ನೂ ಕರಕೊಂಡ ಬರ್ತೀನಿ."

ಆಚೆ ಕಡೆ ಒಂದು ಸಣ್ಣ ನಗೆ, ಅಥವಾ ಮೂಗೆಳೆದುಕೊಂಡ ಸದ್ದು. "ಹಂಗಾರ ಆ ಕೀಬೋರ್ಡು ದೂರ ಸರಸಿ ಇಡು. ಇಲ್ಲಂದ್ರ ನನ್ನ ಅಕ್ಕಿನೂ ಅದರಾಗ ಹೋಗತದ."

"ಸರಸ್ತೀನ್ರಿ. ಮತ್ತ ಬಾಯಿ, ತಿರುಗಿ ಹಾಕೂ ಕಾಳು ಮರೀಬ್ಯಾಡ್ರಿ." ತ್ರಿವೇಣಿ ಮಗಳನ್ನು ಇನ್ನಷ್ಟು ಮೇಲೆ ಸರಿಸಿಕೊಂಡು ಅತ್ತೆಯ, ಮುರುಗೆಪ್ಪನವರ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ನನಗ ನಾಲ್ಕು ಹಾಕ್ರಿ, ಮಾಯಾಗೂ ನಾಲ್ಕು ಹಾಕ್ರಿ. ಆಕಿಗೆ ಉದ್ದನ್ನ ಫ್ರಾಕ್ ತೊಡಸ್ಕೊಂಡು ಬರ್ತೀನಿ, ಒಡ್ಡಾಕ ಬರ್ಬೇಕಲ್ಲ."